ಕೊನೆ ಮೊದಲೇ ಗೊತ್ತಿದ್ದರೂ ಈ ಕತೆ ಹೆದರಿಸೋದು ಹೇಗೆ?

ಪುಟಮಡಚಿ:
ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1846ರಲ್ಲಿ ಬರೆದ ‘ದಿ ಕಾಸ್ಕ್ ಆಫ್ ಅಮೊಂಟಿಲಾಡೊ’ ಈಗಷ್ಟೇ ಓದಿ ಮುಗಿಸಿದೆ. ಮಾಂಟ್ರೆಸರ್ ಅನ್ನೋನು ಮೊದಲ ಸಾಲಿನಲ್ಲೇ ಫಾರ್ಚುನಾಟೋ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂತ ಹೇಳಿಬಿಡುತ್ತಾನೆ, ಆಮೇಲೆ ಅವನನ್ನು ನೆಲಮಾಳಿಗೆಗೆ ಕರೆದೊಯ್ದು ಜೀವಂತವಾಗಿ ಗೋಡೆಯೊಳಗೆ ಮುಚ್ಚಿ, ಹೇಳಿದ ಹಾಗೇ ಮಾಡುತ್ತಾನೆ. ದೆವ್ವ ಇಲ್ಲ, ತಿರುವು ಇಲ್ಲ, ಪೊಲೀಸರಂತೂ ಇಲ್ಲವೇ ಇಲ್ಲ. ಆದರೂ ಓದುವಾಗ ನನಗೆ ಉಸಿರು ಕಟ್ಟಿದ ಹಾಗಾಯಿತು, ಯಾಕೆ? ಎಲ್ಲರೂ ಇದರಲ್ಲಿ ವ್ಯಂಗ್ಯ ತುಂಬಿದೆ ಅಂತಾರೆ. ಸಾಯೋನು ಕೋಡಂಗಿ ವೇಷದಲ್ಲಿದ್ದಾನೆ ಅನ್ನೋದು ಬಿಟ್ಟರೆ ನನಗೆ ಜಾಸ್ತಿ ಏನೂ ಕಾಣಲಿಲ್ಲ. ಇನ್ನೊಂದು ವಿಷಯ, ಫಾರ್ಚುನಾಟೋ ಮಾಡಿದ ಅವಮಾನ ಏನು ಅಂತ ಎಲ್ಲಾದರೂ ಹೇಳಿದ್ದಾರಾ, ಅಥವಾ ನನ್ನ ಕಣ್ಣಿಗೆ ಬೀಳಲಿಲ್ವಾ?

ಕಪಾಟಿನಮೂಲೆ:
ಅವಮಾನ ಏನು ಅಂತ ಎಲ್ಲೂ ಹೇಳಿಲ್ಲ. ಸಾವಿರ ಅನ್ಯಾಯ ಸಹಿಸಿಕೊಂಡೆ, ಆದರೆ ಅವಮಾನ ಮಾಡಿದಾಗ ಸುಮ್ಮನಿರಲಿಲ್ಲ ಅಂತಾನೆ ಮಾಂಟ್ರೆಸರ್, ಅಷ್ಟೇ.

ವ್ಯಂಗ್ಯಕ್ಕೆ ಬಂದರೆ, ಮಾಂಟ್ರೆಸರ್ ಮಾತುಗಳನ್ನು ಮಾತ್ರ ಬಿಡಿಸಿಕೊಂಡು ಇನ್ನೊಂದು ಸಲ ಓದಿ. ಅಮೊಂಟಿಲಾಡೊ ಅನ್ನೋ ವೈನಿನ ಪೀಪಾಯಿ ಸಿಕ್ಕಿದೆ, ರುಚಿ ನೋಡಿ ಹೇಳು ಅಂತ ಕರೆದೊಯ್ಯೋದು ಸುಳ್ಳು, ಸರಿ. ಅದು ಬಿಟ್ಟರೆ ಅವನು ಸುಳ್ಳು ಹೇಳೋದು ಬಹಳ ಕಡಿಮೆ. ಮನೆತನದವರ ಹೆಣ ಹೂಳುತ್ತಿದ್ದ ಆ ನೆಲಮಾಳಿಗೆಯ ಗೋಡೆ ತುಂಬ ಪೆಟ್ಲುಪ್ಪು, ಫಾರ್ಚುನಾಟೋಗೆ ಕೆಮ್ಮು ಹತ್ತುತ್ತದೆ. ಕೆಮ್ಮಿನಿಂದ ನಾನೇನು ಸಾಯಲ್ಲ ಬಿಡು ಅಂತಾನೆ. ನಿಜ, ನಿಜ ಅಂತ ಇವನು ತಲೆದೂಗುತ್ತಾನೆ! ಸುತ್ತ ಹೂತಿರುವವರ ಹೆಸರಲ್ಲಿ ಅವನು ವೈನ್ ಕುಡಿದರೆ, ಇವನು ‘ನಿನ್ನ ದೀರ್ಘಾಯುಸ್ಸಿಗೆ’ ಅಂತ ಕುಡಿಯುತ್ತಾನೆ. ನೀನು ನಮ್ಮ ಮೇಸನ್ ಅನ್ನೋ ಗುಟ್ಟಿನ ಸಂಘದವನಾ, ಗುರುತು ತೋರಿಸು ಅಂದಾಗ (ಇಂಗ್ಲಿಷಿನಲ್ಲಿ ಮೇಸನ್ ಅಂದರೆ ಗಾರೆಯವನು ಅಂತಲೂ ಅರ್ಥ) ನಿಲುವಂಗಿಯ ಮಡಿಕೆಯಿಂದ ಗಾರೆ ಕೆಲಸದ ಕರಣೆ ತೆಗೆದು ತೋರಿಸುತ್ತಾನೆ. ಆಯುಧವೇ ಕಣ್ಣೆದುರಿಗೆ ಬಂತು. ಫಾರ್ಚುನಾಟೋ ಕೆಲವು ಹೆಜ್ಜೆ ಹಿಂದೆ ಸರಿದು, ತಮಾಷೆ ಮಾಡ್ತಿದ್ದೀಯ ಅಂದುಕೊಂಡು ಮತ್ತೆ ಮುಂದಕ್ಕೆ ನಡೆಯುತ್ತಾನೆ.

ಉಸಿರು ಕಟ್ಟೋದಕ್ಕೂ ಕಾರಣ ಇಲ್ಲೇ ಇದೆ ಅಂತ ನನ್ನ ಲೆಕ್ಕ. ಏನಾಗುತ್ತದೆ ಅಂತ ನಮಗೆ ಗೊತ್ತು, ಆದರೆ ಆ ಪುಣ್ಯಾತ್ಮನಿಗೆ ತಪ್ಪಿಸಿಕೊಳ್ಳೋ ದಾರಿ ಮತ್ತೆ ಮತ್ತೆ ತೆರೆದುಕೊಳ್ಳುತ್ತಲೇ ಇರುತ್ತದೆ. ಅದನ್ನು ತೆರೆಯೋನು ಕೊಲೆಗಾರನೇ! ನಿನಗೆ ಬೇರೆ ಕೆಲಸ ಇರಬೇಕು, ಲುಕೇಸಿಯನ್ನೇ (ವೈನ್ ಬಲ್ಲ ಇನ್ನೊಬ್ಬ) ಕೇಳುತ್ತೇನೆ. ಶೀತ ಜಾಸ್ತಿ ಇದೆ, ವಾಪಸ್ ಹೋಗೋಣ. ನಿನ್ನ ಆರೋಗ್ಯ ಮುಖ್ಯ ಕಣಯ್ಯಾ, ಹೋಗೋಣ ನಡಿ. ಪ್ರತಿ ಸಲ ಫಾರ್ಚುನಾಟೋನೇ ಹಟ ಹಿಡಿದು ಮುಂದೆ ಹೋಗುತ್ತಾನೆ, ಯಾಕೆಂದರೆ ಆ ಲುಕೇಸಿಗೆ ತನಗಿಂತ ಹೆಚ್ಚು ಗೊತ್ತು ಅಂತ ಯಾರಾದರೂ ಅಂದರೆ ಅವನಿಗೆ ಮೈ ಉರಿಯುತ್ತದೆ. ಗೂಡಿನೊಳಗೆ ಸರಪಳಿ ಹಾಕಿ ಬೀಗ ಜಡಿದ ಮೇಲೂ ಮಾಂಟ್ರೆಸರ್ ಮತ್ತೊಮ್ಮೆ ಬೇಡಿಕೊಳ್ಳುತ್ತಾನೆ, ದಯವಿಟ್ಟು ವಾಪಸ್ ಹೋಗೋಣ, ಆಗಲ್ವಾ, ಹಾಗಾದರೆ ನಾನು ಹೊರಡಬೇಕು ಅಂತ. ನನಗೆ ಇಡೀ ಕತೆಯಲ್ಲಿ ಅತಿ ಕ್ರೂರ ಅನ್ನಿಸಿದ್ದು ಆ ಸಾಲು.

ಮನೆ ಆಳುಗಳ ಮೇಲೂ ಇದೇ ಉಪಾಯ. ಬೆಳಗಾಗೋವರೆಗೆ ನಾನು ಬರಲ್ಲ, ಯಾರೂ ಮನೆ ಬಿಟ್ಟು ಕದಲಬೇಡಿ ಅಂತ ಹೇಳಿ ಹೋಗಿರುತ್ತಾನೆ. ಅವರು ಊರಲ್ಲಿ ನಡೆಯುತ್ತಿರೋ ಕಾರ್ನಿವಲ್ ಹಬ್ಬ ನೋಡೋಕೆ ಓಡಿಹೋಗುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಜನರ ಸ್ವಭಾವವನ್ನೇ ಹಗ್ಗ ಮಾಡಿಕೊಂಡು ಎಳೆಯೋ ಮನುಷ್ಯ.

ರಾತ್ರಿಪಾಳಿ:
ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಎದೆ ಹೊಡೆದುಕೊಂಡಿದ್ದು ಗೋಡೆ ಕಟ್ಟೋ ಭಾಗದಲ್ಲಿ. ಅಲ್ಲಿ ನೋಡೋದಕ್ಕೆ ಹೆಚ್ಚೇನಿಲ್ಲ, ಎಲ್ಲಾ ಕೇಳಿಸಿಕೊಳ್ಳೋದೇ. ಮೊದಲ ವರಸೆ ಕಲ್ಲು ಇಡುವಷ್ಟರಲ್ಲಿ ಒಳಗಿಂದ ಸಣ್ಣ ನರಳಾಟ, ಅಂದರೆ ಅಮಲು ಇಳಿದಿದೆ. ಆಮೇಲೆ ತುಂಬಾ ಹೊತ್ತು ಸದ್ದೇ ಇಲ್ಲ. ನಾಲ್ಕನೇ ವರಸೆ ಆದ ಮೇಲೆ ಸರಪಳಿ ಜೋರಾಗಿ ಅಲುಗಾಡೋ ಸದ್ದು. ಮಾಂಟ್ರೆಸರ್ ಕೆಲಸ ನಿಲ್ಲಿಸಿ ಅಲ್ಲೇ ಮೂಳೆಗಳ ಮೇಲೆ ಕೂತು ಅದನ್ನು ಕೇಳುತ್ತಾನೆ, ನೆಮ್ಮದಿಯಾಗಿ ಕೇಳಬೇಕಲ್ವಾ ಅಂತ. ಏಳನೇ ವರಸೆ ಆದ ಮೇಲೆ ಕಿರುಚಾಟ. ಆಗ ಇವನೇ ಒಂದು ಕ್ಷಣ ನಡುಗುತ್ತಾನೆ, ಗೋಡೆ ಮುಟ್ಟಿ ನೋಡಿ ಸಮಾಧಾನ ಮಾಡಿಕೊಂಡು, ತಾನೂ ಅವನಿಗಿಂತ ಜೋರಾಗಿ ಕಿರುಚುತ್ತಾನೆ. ಹನ್ನೊಂದನೇ ವರಸೆಯಲ್ಲಿ ಒಂದೇ ಕಲ್ಲು ಬಾಕಿ ಇದ್ದಾಗ ಒಳಗಿಂದ ನಗು, ಒಳ್ಳೇ ತಮಾಷೆ ಮಾಡಿದೆ ಬಿಡು ಅನ್ನೋ ಮಾತು. ಕೊನೆಗೆ ಅವನ ಕೋಡಂಗಿ ಟೋಪಿಯ ಗೆಜ್ಜೆ ಸದ್ದು ಮಾತ್ರ. ವರಸೆ ಎಣಿಸೋದು ಅಂದರೆ ಅವನಿಗೆ ಉಳಿದಿರೋ ಗಾಳಿ ಎಣಿಸಿದ ಹಾಗೆ. ಪೋ ಅದನ್ನು ಬಾಯಿಬಿಟ್ಟು ಹೇಳಲ್ಲ, ಎಣಿಕೆ ಮಾತ್ರ ಕೊಡುತ್ತಾರೆ.

ಅಡ್ಡಮಾತು:
ನನ್ನದು ಸ್ವಲ್ಪ ತಕರಾರು. ನೀವಿಬ್ಬರೂ ಮಾಂಟ್ರೆಸರ್ ಗೆದ್ದ ಅನ್ನೋ ಹಾಗೆ ಬರೆದಿದ್ದೀರಿ. ಶುರುವಿನಲ್ಲಿ ಅವನೇ ಹಾಕಿಕೊಂಡ ಎರಡು ನಿಯಮ ನೋಡಿ. ಸೇಡು ತೀರಿಸಿಕೊಂಡವನಿಗೆ ಶಿಕ್ಷೆ ಆಗಬಾರದು. ತಪ್ಪು ಮಾಡಿದವನಿಗೆ ಇದು ಸೇಡು ಅಂತ ಮನಸ್ಸಿಗೆ ನಾಟಬೇಕು. ಎರಡನೆಯದು ಆಯ್ತಾ? ನಿನ್ನನ್ನು ಯಾಕೆ ಕೊಲ್ಲುತ್ತಿದ್ದೇನೆ ಅಂತ ಮಾಂಟ್ರೆಸರ್ ಒಂದು ಸಲವೂ ಹೇಳಲ್ಲ, ಫಾರ್ಚುನಾಟೋ ಯಾಕೆ ಅಂತ ಕೇಳೋದೂ ಇಲ್ಲ. ಕೊನೆಗೆ ಇವನೇ ಎರಡು ಸಲ ಹೆಸರು ಹಿಡಿದು ಕೂಗುತ್ತಾನೆ, ಉತ್ತರ ಬರಲ್ಲ. ಅವನು ಸೇಡು ಅಂತ ತಿಳಿದು ಸತ್ತನೋ, ಕುಡಿದ ಗೆಳೆಯನ ಹುಚ್ಚಾಟ ಅಂದುಕೊಂಡೇ ಸತ್ತನೋ ಯಾರಿಗೆ ಗೊತ್ತು?

ಮೊದಲನೆಯದರ ಮೇಲೂ ನನಗೆ ಅನುಮಾನ. ಎದೆ ಕಿವುಚಿದ ಹಾಗಾಯಿತು ಅಂತಾನೆ, ಕೂಡಲೇ ಅದು ನೆಲಮಾಳಿಗೆಯ ತೇವದಿಂದ ಅಂತ ಸೇರಿಸುತ್ತಾನೆ. ಅದೇ ತೇವವನ್ನು ತಾನೇ ಅಷ್ಟು ಹೊತ್ತು ನೆಪ ಮಾಡಿಕೊಂಡು ಬಂದಿದ್ದು! ಐವತ್ತು ವರ್ಷ ಆದಮೇಲೂ ಪ್ರತಿ ಕಲ್ಲು, ಪ್ರತಿ ಸದ್ದು ನೆನಪಿಟ್ಟುಕೊಂಡು ತನ್ನನ್ನು ಚೆನ್ನಾಗಿ ಬಲ್ಲ ಯಾರಿಗೋ ಹೇಳುತ್ತಿದ್ದಾನೆ. ಶಿಕ್ಷೆ ಆಗಿಲ್ಲ ಅಂತೀರಾ?

ಪುಟಮಡಚಿ:
ಸರಪಳಿ ಹಾಕಿದ ಮೇಲೆ ಬೇಡಿಕೊಳ್ಳೋ ಸಾಲನ್ನು ನಾನು ಸುಮ್ನೆ ಓದಿಕೊಂಡು ಹೋಗಿದ್ದೆ, ಈಗ ಮತ್ತೆ ಓದಿದರೆ ಮೈ ಜುಮ್ಮೆನ್ನುತ್ತೆ. @ಅಡ್ಡಮಾತು, ಎರಡನೇ ನಿಯಮದ ಬಗ್ಗೆ ಒಪ್ಪಿದೆ. ಆದರೆ ಐವತ್ತು ವರ್ಷ ನೆನಪಿಟ್ಟುಕೊಂಡಿದ್ದಾನೆ ಅಂದಮಾತ್ರಕ್ಕೆ ಪಶ್ಚಾತ್ತಾಪ ಅಂತ ಹೇಗೆ ಹೇಳೋದು? ಹೆಮ್ಮೆಯಿಂದಲೂ ಇಟ್ಟುಕೊಂಡಿರಬಹುದು. ಮೂಳೆ ಮೇಲೆ ಕೂತು ಆರಾಮಾಗಿ ಕೇಳಿಸಿಕೊಂಡವನು ಅವನು.

ಕಪಾಟಿನಮೂಲೆ:
ಅದನ್ನು ನೀವಿಬ್ಬರೇ ಬಗೆಹರಿಸಿಕೊಳ್ಳಿ, ನಾನು ಹೆಮ್ಮೆ ಕಡೆ. ಮೊದಲು ಬರೆಯೋಕೆ ಬಿಟ್ಟುಹೋದ ಒಂದು ವಿಷಯ ಇದೆ. ಲುಕೇಸಿಗೆ ಶೆರಿ ವೈನ್ ಯಾವುದು, ಅಮೊಂಟಿಲಾಡೊ ಯಾವುದು ಅಂತ ಗೊತ್ತಾಗಲ್ಲ ಅಂತ ಫಾರ್ಚುನಾಟೋ ಆಡಿಕೊಳ್ಳುತ್ತಾನಲ್ಲ, ಅಮೊಂಟಿಲಾಡೊ ಅನ್ನೋದೇ ಸ್ಪೇನಿನ ಒಂದು ಬಗೆಯ ಶೆರಿ. ವೈನ್ ಬಗ್ಗೆ ತನ್ನಷ್ಟು ತಿಳಿದವರಿಲ್ಲ ಅಂತ ಮೆರೆಯೋನ ಬಾಯಲ್ಲೇ ಪೋ ಆ ಮಾತು ಹಾಕಿಸಿದ್ದಾರೆ.