ಸಹಾಯ ಬೇಕು: ಪಂಚೇಶ್ವರದಲ್ಲಿ ಫ್ಲೈ ಫಿಶಿಂಗ್ ಮತ್ತು ರಾಫ್ಟಿಂಗ್‌ಗೆ ಮಾರ್ಗದರ್ಶಕರು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದವನಾದ ನಾನು ಮತ್ತು ನನ್ನ ಭಾವನವರು, ಉತ್ತರಾಖಂಡದ ಚಂಪಾವತ್ ಜಿಲ್ಲೆಯಲ್ಲಿ ಸರಯೂ ನದಿಯು ಮಹಾಕಾಳಿಯನ್ನು ಸೇರುವ ಪಂಚೇಶ್ವರಕ್ಕೆ ಬರುವ ಏಪ್ರಿಲ್‌ನಲ್ಲಿ ಹೋಗಬೇಕೆಂದಿದ್ದೇವೆ. ಅಲ್ಲಿ ಫ್ಲೈ ಫಿಶಿಂಗ್ ಕಲಿಸಿ, ಅನಂತರ ರಾಫ್ಟ್‌ನಲ್ಲಿ ಕರೆದೊಯ್ಯುವ ನಂಬಿಕಸ್ಥ ಮಾರ್ಗದರ್ಶಕರನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಮ್ಮೂರ ಕಡೆಯ ಪಯಸ್ವಿನಿ ನದಿಯಲ್ಲಿ ಗಾಳ ಹಾಕಿದ ಅಭ್ಯಾಸ ನಮಗಿದೆ. ಆದರೆ ಗರಿ, ನೂಲು ಸುತ್ತಿ ಕೀಟದಂತೆ ಕಟ್ಟಿದ ಹಗುರವಾದ ಕೊಕ್ಕೆಯನ್ನು ದಾರದ ಭಾರದಿಂದಲೇ ದೂರಕ್ಕೆ ಬೀಸುವ ವಿದ್ಯೆ ಹೊಸದು. ಅಲ್ಲಿನ ಚಿನ್ನದ ಬಣ್ಣದ ಮಹಶೀರ್ ಅಳಿವಿನಂಚಿನಲ್ಲಿರುವ ಮೀನಾದ್ದರಿಂದ, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸುವ, ಕೈ ಒದ್ದೆ ಮಾಡಿಕೊಂಡು ಮೀನನ್ನು ನೀರಿನಲ್ಲೇ ಹಿಡಿದು ಬಿಟ್ಟುಬಿಡುವ ಮಾರ್ಗದರ್ಶಕರೇ ಬೇಕು. ಫೋಟೊಗಾಗಿ ಅದನ್ನು ದಡದ ಕಲ್ಲಿನ ಮೇಲೆಳೆಯುವವರು ಖಂಡಿತ ಬೇಡ.

ಪರವಾನಗಿಯನ್ನು ಯಾವ ಕಚೇರಿಯಲ್ಲಿ ಪಡೆಯಬೇಕು, ಗಾಳದ ಕೋಲು ಮತ್ತು ರೀಲು ಅಲ್ಲೇ ಬಾಡಿಗೆಗೆ ಸಿಗುತ್ತವೆಯೇ, ಟನಕ್‌ಪುರ ರೈಲು ನಿಲ್ದಾಣದಿಂದ ಜೀಪು ದೊರೆಯುತ್ತದೆಯೇ ಎಂಬುದನ್ನೂ ತಿಳಿಯಬೇಕಾಗಿದೆ. ಭಾವನವರಿಗೆ ಈಜು ಬಾರದು. ಆದುದರಿಂದ ಲೈಫ್ ಜಾಕೆಟ್, ಹೆಲ್ಮೆಟ್ ಅಲ್ಲದೆ ಜೊತೆಯಲ್ಲೊಂದು ರಕ್ಷಣಾ ಕಯಾಕ್ (ನೀರಿಗೆ ಬಿದ್ದವರನ್ನು ಕಾಪಾಡಲು ಜೊತೆಗೆ ಬರುವ ಸಣ್ಣ ದೋಣಿ) ಕೂಡ ಇರುವ ತಂಡವಾದರೆ ಮಾತ್ರ ರಾಫ್ಟ್ ಹತ್ತುತ್ತೇವೆ. ಹೋಗಿಬಂದವರು ಖರ್ಚಿನ ಅಂದಾಜಿನೊಂದಿಗೆ ಉತ್ತರಿಸಿದರೆ ದೊಡ್ಡ ಉಪಕಾರವಾಗುತ್ತದೆ.