ಟೈಟಾನಿಕ್ ಥರದ ಹಡಗಲ್ಲಿ ದುಡೀತಿದ್ದೋರು ಸತ್ರೆ ಮನೆಯವರಿಗೆ ಯಾರು ದಿಕ್ಕು?

ಹಳೇನಕ್ಷೆ:
ಎಲ್ರಿಗೂ ನಮಸ್ಕಾರ. ಟೈಟಾನಿಕ್ ಬಗ್ಗೆ ಎಲ್ಲಿ ನೋಡಿದ್ರೂ ಫಸ್ಟ್ ಕ್ಲಾಸ್ ಸಾಹುಕಾರ್ರ ಕಥೆನೇ, ಯಾರ ಹತ್ರ ಎಷ್ಟು ಒಡವೆ ಇತ್ತು, ಯಾರು ಕೊನೇ ದೋಣಿ ಹತ್ತಿದ್ರು ಅಂತ. ನಂಗೆ ಬೇಕಾಗಿರೋದು ಕೆಳಗಡೆ ಬಾಯ್ಲರಿಗೆ ಕಲ್ಲಿದ್ದಲು ಸುರೀತಿದ್ದೋರು, ತಟ್ಟೆ ತೊಳೀತಿದ್ದೋರು, ಪ್ರಯಾಣಿಕರಿಗೆ ಊಟ ತಿಂಡಿ ಕೊಡ್ತಿದ್ದ ಸ್ಟೂವರ್ಡ್‌ಗಳು, ಇವರ ಹೆಂಡ್ತಿ ಮಕ್ಕಳು ಆಮೇಲೆ ಏನಾದ್ರು ಅನ್ನೋದು. ಕಂಪನಿ ಪೆನ್ಶನ್ ಗಿನ್ಶನ್ ಏನಾದ್ರೂ ಕೊಡ್ತಾ? ಹಡಗು ಮುಳುಗಿದ ನಿಮಿಷಕ್ಕೇ ಸಂಬಳ ಬಂದ್ ಆಯ್ತು ಅಂತ ಒಂದು ಕಡೆ ಓದ್ದೆ, ಇದು ನಿಜಾನಾ ಇಲ್ಲ ವಾಟ್ಸಾಪಲ್ಲಿ ಹುಟ್ಟಿದ್ದಾ? ಇನ್ನೊಂದು, ಆ ಕಾಲದಲ್ಲಿ ನಾವಿಕರಿಗೆ ಅಂತಲೇ ದಾನ ಧರ್ಮದ ಸಂಸ್ಥೆಗಳು ಬೇಕಾದಷ್ಟು ಇದ್ವಂತಲ್ಲ, ಅವು ನಿಜವಾಗ್ಲೂ ಏನು ಮಾಡ್ತಿದ್ವು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಲಂಗರು:
ಸಂಬಳದ್ದು ನಿಜ ಸಾರ್. ಅದು ಆ ಕಂಪನಿಯೊಂದರ ಕೆಟ್ಟ ಬುದ್ಧಿ ಅಂತ ಹೇಳೋಕಾಗಲ್ಲ, ಕಾನೂನೇ ಹಂಗಿತ್ತು. ಬ್ರಿಟನ್ನಿನ 1894ರ ಮರ್ಚೆಂಟ್ ಶಿಪ್ಪಿಂಗ್ ಆಕ್ಟ್ ಪ್ರಕಾರ ಹಡಗು ಒಡೆದ್ರೆ ಅಥವಾ ಮುಳುಗಿದ್ರೆ ನಾವಿಕನ ನೌಕರಿ ಅಲ್ಲಿಗೆ ಮುಗೀತು, ಸಂಬಳ ಆ ದಿನದವರೆಗೆ ಮಾತ್ರ. ಅಂದ್ರೆ 1912ರ ಏಪ್ರಿಲ್ 15ರ ಬೆಳಗಿನ ಜಾವ ಎರಡೂ ಇಪ್ಪತ್ತಕ್ಕೆ ಹಡಗು ಹೋಯ್ತು, ಸಂಬಳನೂ ಹೋಯ್ತು. ಬದುಕಿ ದಡ ಸೇರಿದೋರಿಗೂ ಇದೇ ಲೆಕ್ಕ, ಸತ್ತೋರಿಗೆ ಮಾತ್ರ ಅಲ್ಲ.

ಆಗ ಮನೆ ನಡೀತಿದ್ದದ್ದು ಹೆಂಗೆ ಅಂತ ಗೊತ್ತಿದ್ರೆ ಇದು ಎಂಥಾ ಹೊಡೆತ ಅಂತ ಅರ್ಥ ಆಗತ್ತೆ. ಬಾಯ್ಲರಿಗೆ ಕಲ್ಲಿದ್ದಲು ಹಾಕೋ ಫೈರ್‌ಮನ್‌ಗೆ ತಿಂಗಳಿಗೆ 6 ಪೌಂಡ್, ಕಲ್ಲಿದ್ದಲು ತಳ್ಳಿಕೊಡೋ ಟ್ರಿಮ್ಮರ್‌ಗೆ ಐದೂವರೆ, ಸ್ಟೂವರ್ಡ್‌ಗೆ 3 ಪೌಂಡ್ 15 ಶಿಲಿಂಗ್ (ಆಗ 20 ಶಿಲಿಂಗಿಗೆ 1 ಪೌಂಡ್; ಅವನು ಟಿಪ್ಸ್ ನಂಬ್ಕೊಂಡೇ ಬದುಕ್ತಿದ್ದ). ಹೊರಡೋ ಮುಂಚೆ ಗಂಡ ಒಂದು ಚೀಟಿ ಬರೆಸಿಕೊಟ್ಟು ಹೋಗ್ತಿದ್ದ, ಅಲಾಟ್‌ಮೆಂಟ್ ನೋಟ್ ಅಂತ, ಅದನ್ನ ತೋರಿಸಿ ಹೆಂಡ್ತಿ ಕಂಪನಿ ಆಫೀಸಲ್ಲಿ ಅವನ ಸಂಬಳದ ಒಂದು ಭಾಗ, ಹೆಚ್ಚು ಅಂದ್ರೆ ಅರ್ಧ, ತಗೋಬಹುದಿತ್ತು. ಸಂಬಳ ನಿಂತ್ರೆ ಚೀಟಿಗೂ ಬೆಲೆ ಇಲ್ಲ. ಅದೂ ಆ ವರ್ಷ ಬ್ರಿಟನ್ನಲ್ಲಿ ಕಲ್ಲಿದ್ದಲು ಗಣಿಯವರ ಮುಷ್ಕರ ನಡೆದು ಹಡಗುಗಳೆಲ್ಲ ಬಂದರಲ್ಲಿ ಸಾಲಾಗಿ ನಿಂತಿದ್ವು, ಟೈಟಾನಿಕ್ ಹೊರಟ ಬಂದರು ಊರು ಸೌತಾಂಪ್ಟನ್ನಲ್ಲಿ ಸಾವಿರಾರು ಜನ ವಾರಗಟ್ಟಲೆ ಕೆಲಸ ಇಲ್ದೆ ಕೂತಿದ್ರು, ಟೈಟಾನಿಕ್ಕಲ್ಲಿ ಕೆಲಸ ಸಿಕ್ಕಿದ್ದೇ ಪುಣ್ಯ ಅಂತ ಹತ್ತಿದೋರೇ ಜಾಸ್ತಿ. ಮನೇಲಿ ಆಗಲೇ ಸಾಲ ಆಗಿತ್ತು ಅಂತಾಯ್ತಲ್ಲ. ಸುಮಾರು 900 ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಆ ಒಂದೇ ಊರಿನ ವಿಳಾಸ ಕೊಟ್ಟಿದ್ದೋರು, ಊರಿಂದ ಸತ್ತೋರು ಹತ್ರ ಹತ್ರ 550. ಕನ್ಯೂಟ್ ರೋಡಲ್ಲಿದ್ದ ಕಂಪನಿ ಆಫೀಸಿನ ಮುಂದೆ ಹೆಂಗಸರು ಕಂಕುಳಲ್ಲಿ ಮಕ್ಕಳನ್ನ ಎತ್ಕೊಂಡು ದಿನಗಟ್ಟಲೆ ನಿಂತಿದ್ರು, ಬದುಕಿದೋರ ಹೆಸರು ಹಲಗೆ ಮೇಲೆ ಯಾವಾಗ ಹಾಕ್ತಾರೋ ಅಂತ.

ವಿಧವೆಯರಿಗೆ ಸರ್ಕಾರಿ ಪೆನ್ಶನ್ ಅನ್ನೋದು ಬ್ರಿಟನ್ನಲ್ಲಿ ಬಂದಿದ್ದೇ 1925ರ ಕಾಯ್ದೆಯಿಂದ. 1906ರ ಕಾರ್ಮಿಕರ ಪರಿಹಾರ ಕಾಯ್ದೆ ಮಾತ್ರ ನಾವಿಕರಿಗೂ ಅನ್ವಯ ಆಗ್ತಿತ್ತು, ಮೂರು ವರ್ಷದ ದುಡಿಮೆಯಷ್ಟು ಸಿಗ್ತಿತ್ತು, ಆದ್ರೆ ಏನೇ ಆದ್ರೂ 300 ಪೌಂಡ್ ದಾಟಂಗಿಲ್ಲ. ಉಳಿದಿದ್ದೆಲ್ಲ ಜನ ಎತ್ತಿದ ಚಂದಾ. ಲಂಡನ್ ಲಾರ್ಡ್ ಮೇಯರ್ ಮ್ಯಾನ್ಷನ್ ಹೌಸಲ್ಲಿ ಫಂಡ್ ಶುರು ಮಾಡಿದ್ರು, ಪೇಪರಿನೋರು ಎತ್ತಿದ್ದು, ಬೇರೆ ಊರಿನವರು ಎತ್ತಿದ್ದು ಎಲ್ಲಾ ಸೇರಿ 4 ಲಕ್ಷ ಪೌಂಡ್ ದಾಟಿತು. ಆ ಕಾಲಕ್ಕೆ ಇದು ಭಾರೀ ದುಡ್ಡು.

ಆದ್ರೆ ಹಂಚಿದ ರೀತಿ ನೋಡಿ. ಗಂಡನ ಹುದ್ದೆ ನೋಡಿ ವಿಧವೆಯರನ್ನ ಎ ಇಂದ ಜಿ ತನಕ ಏಳು ಕ್ಲಾಸ್ ಮಾಡಿದ್ರು. ಎ ಕ್ಲಾಸಿನವಳಿಗೆ ವಾರಕ್ಕೆ 2 ಪೌಂಡ್, ಜಿ ಕ್ಲಾಸಿನವಳಿಗೆ 12 ಶಿಲಿಂಗ್ 6 ಪೆನ್ಸ್. ಮುಳುಗಿದ್ದು ಒಂದೇ ನೀರಲ್ಲಿ, ದಾನದ ಹಣಕ್ಕೂ ಡೆಕ್ಕಿನ ಲೆಕ್ಕ! ಮನೆ ಮನೆಗೆ ಹೋಗಿ ನೋಡ್ಕೊಂಡು ಬರೋಕೆ ಅಂತ ಸೌತಾಂಪ್ಟನ್ ಕಮಿಟಿಯೋರು ಒಬ್ಬ ಮಹಿಳೆಯನ್ನ ನೇಮಿಸಿದ್ರು. ಮಕ್ಕಳಿಗೆ ಕಾಯಿಲೆ ಆದ್ರೆ, ಕೆಲಸ ಕಲಿಯೋಕೆ ಸೇರಿಸಬೇಕಾದ್ರೆ ಆಯಮ್ಮನೇ ಕಮಿಟಿ ಮುಂದೆ ಹೇಳಿ ಕೊಡಿಸ್ತಿದ್ರು, ಅದು ಒಳ್ಳೇದೇ. ಅದೇ ಆಯಮ್ಮನ ರಿಪೋರ್ಟ್ ಮೇಲೆನೇ ಕುಡೀತಾಳೆ, ನಡತೆ ಸರಿ ಇಲ್ಲ ಅಂತ ದುಡ್ಡು ನಿಲ್ಲಿಸಿದ್ದೂ ಇದೆ. ಇನ್ನೊಂದು ಮದುವೆ ಆದ್ರೆ ವಾರದ ದುಡ್ಡು ಖತಂ.

ಮೂರನೇಬೆಂಚು:
ಲಂಗರು ಸಾರ್ ಹೇಳಿದ್ದು ಸರಿ, ಆದ್ರೆ ಫಂಡಿನೋರನ್ನ ತೀರಾ ವಿಲನ್ ಮಾಡೋದೂ ಬೇಡ. ಬಂದ ದುಡ್ಡನ್ನ ಆ ವರ್ಷವೇ ಹಂಚಿ ಕೈ ತೊಳ್ಕೊಂಡಿದ್ರೆ ಎಲ್ರೂ ಭೇಷ್ ಅಂತಿದ್ರು, ಎರಡು ವರ್ಷಕ್ಕೆ ಅರ್ಧ ಜನ ಮತ್ತೆ ಬೀದೀಲಿ ಇರ್ತಿದ್ರು. ಅವರು ಹಣ ಹೂಡಿಕೆ ಮಾಡಿ, ಬಡ್ಡಿ ನೋಡ್ಕೊಂಡು, ಹಸುಗೂಸಾಗಿದ್ದ ಮಕ್ಕಳು ದುಡಿಯೋ ವಯಸ್ಸಿಗೆ ಬರೋ ತನಕ, ಮುದುಕಿಯರಾದ ವಿಧವೆಯರು ಇರೋ ತನಕ ಎಳೆದ್ರು. 1950ರ ದಶಕದ ಕೊನೇಲಿ ಆ ಫಂಡ್ ಮುಚ್ಚಿದ್ದು, ಮಧ್ಯ ಎರಡು ಮಹಾಯುದ್ಧ ಬಂದು ಹೋಯ್ತು. ನಮ್ಮ ಕಾಲದ ಎಷ್ಟು ರಿಲೀಫ್ ಫಂಡ್ 45 ವರ್ಷ ಲೆಕ್ಕ ಇಟ್ಟು ನಡೆಸ್ತಾವೆ ಹೇಳಿ ನೋಡೋಣ.

ಕ್ಲಾಸ್ ಮಾಡಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಆಗಿನ ದಾನಿಗಳೇ ಹಂಗೇ ಯೋಚಿಸ್ತಿದ್ರು, ಯಾರು ಯಾವ ಅಂತಸ್ತಲ್ಲಿ ಬದುಕಿದ್ರೋ ಆ ಅಂತಸ್ತಿಂದ ಬೀಳಬಾರದು ಅನ್ನೋದು ಅವರ ಪ್ರಕಾರ ನ್ಯಾಯ.

ಲಂಗರು:
@ಮೂರನೇಬೆಂಚು, ದೀರ್ಘ ಕಾಲ ನಡೆಸಿದ್ದಕ್ಕೆ ಶಹಬ್ಬಾಸ್, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಕೊಡೋದು ದಾನ ಅಂತಾದ್ರೆ ತಗೊಳ್ಳೋಳ ಮನೆ ಒಳಗೆ ಇಣುಕಿ ನೋಡೋ ಹಕ್ಕು ಕೊಡೋನಿಗೆ ಬಂದ್ಬಿಡತ್ತೆ. ಅದೇ ಹಣ ಕಾನೂನಿನ ಪ್ರಕಾರ ಬರಬೇಕಾದ ಬಾಕಿ ಆಗಿದ್ರೆ ಅವಳು ಸಂಜೆ ಒಂದು ಲೋಟ ಬಿಯರ್ ಕುಡಿದ್ಲೋ ಇಲ್ವೋ ಅಂತ ಕೇಳೋರು ಯಾರಿರ್ತಿದ್ರು? ಆ ಬದಲಾವಣೆ ಸಂಬಳದ ವಿಷಯದಲ್ಲಾದ್ರೂ ನಿಧಾನಕ್ಕೆ ಬಂತು. 1920ರಲ್ಲಿ ಜಿನೋವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಭೆ ಒಂದು ಒಪ್ಪಂದ ಮಾಡ್ತು, ಹಡಗು ಮುಳುಗಿ ಕೆಲಸ ಹೋದ ನಾವಿಕನಿಗೆ ಎರಡು ತಿಂಗಳವರೆಗೆ ಸಂಬಳದ ದರದಲ್ಲೇ ಪರಿಹಾರ ಕೊಡಬೇಕು ಅಂತ. ಬ್ರಿಟನ್ 1925ರಲ್ಲಿ ಅದಕ್ಕೆ ಕಾಯ್ದೆ ಮಾಡ್ತು. ಟೈಟಾನಿಕ್ ಮುಳುಗಿ 13 ವರ್ಷ ಆದ್ಮೇಲೆ.

ಸುಮತಿ_ಓದು:
ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳ್ತೀನಿ. ಸಂಸ್ಥೆಗಳು ನಿಜವಾಗ್ಲೂ ಬೇಕಾದಷ್ಟಿದ್ವು, ಲೈನರ್‌ಗಳ (ದೊಡ್ಡ ಪ್ರಯಾಣಿಕ ಹಡಗುಗಳ) ಕಾಲಕ್ಕಿಂತ ಮುಂಚಿನಿಂದ್ಲೂ. 1838ರಲ್ಲಿ ಇಂಗ್ಲೆಂಡಿನ ಕ್ಲೊವೆಲ್ಲಿ ಅನ್ನೋ ಊರಿನ ಮೀನುಗಾರರು ಬಿರುಗಾಳಿಗೆ ಸಿಕ್ಕಿ ಸತ್ರು, ಅದನ್ನ ಕೇಳಿ ಮಾರನೇ ವರ್ಷ ಹುಟ್ಟಿದ್ದು ಶಿಪ್‌ರೆಕ್ಡ್ ಮ್ಯಾರಿನರ್ಸ್ ಸೊಸೈಟಿ. ಅದರ ಏಜೆಂಟರು ಕರಾವಳಿ ಉದ್ದಕ್ಕೂ ಇರ್ತಿದ್ರು, ಹಡಗು ಒಡೆದು ಮೈ ಮೇಲಿನ ಬಟ್ಟೇಲಿ ದಡಕ್ಕೆ ಬಂದೋನಿಗೆ ಬಟ್ಟೆ, ಊಟ, ಊರಿಗೆ ಹೋಗೋಕೆ ಟಿಕೆಟ್, ಸತ್ತಿದ್ರೆ ಹೆಂಡ್ತಿಗೆ ಕೈಗೆ ಒಂದಿಷ್ಟು ದುಡ್ಡು. ಲಂಡನ್ನಲ್ಲಿ ಸೀಮೆನ್ಸ್ ಹಾಸ್ಪಿಟಲ್ ಸೊಸೈಟಿ 1821ರದ್ದು, ಮೊದಲು ಥೇಮ್ಸಲ್ಲಿ ಹಳೇ ಯುದ್ಧದ ಹಡಗನ್ನೇ ನಿಲ್ಲಿಸಿ ಆಸ್ಪತ್ರೆ ಮಾಡಿದ್ರು, ಮುಂದೆ ಅದೇ ಸೊಸೈಟಿಯ ಆಲ್ಬರ್ಟ್ ಡಾಕ್ ಆಸ್ಪತ್ರೆಯಲ್ಲೇ 1899ರಲ್ಲಿ ಲಂಡನ್ನಿನ ಟ್ರಾಪಿಕಲ್ ಮೆಡಿಸಿನ್ ಸ್ಕೂಲು ಶುರು ಆಯ್ತು. ಲಿವರ್‌ಪೂಲಲ್ಲಿ ನಾವಿಕರ ಅನಾಥ ಮಕ್ಕಳಿಗೆ ಅಂತ 1869ರಲ್ಲಿ ಆಶ್ರಮ, 1874ರಲ್ಲಿ ನ್ಯೂಶಮ್ ಪಾರ್ಕ್ ಪಕ್ಕ ಅದಕ್ಕೆ ಅರಮನೆಯಂಥಾ ಕಟ್ಟಡ. ತಾಯಿ ಹತ್ರನೇ ಉಳಿದ ಮಕ್ಕಳಿಗೂ ಅವರು ಹಣ ಕಳಿಸ್ತಿದ್ರು.

ಈಗ ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂದ್ರೆ, ನಂಗೆ ತುಂಬಾ ಮಜಾ ಅನ್ಸೋದು ಇದೇ, ಒಂದು ಭಾಗ ಆ ಲೈನರ್ ಮೇಲೇ ಹುಟ್ಟುತ್ತಿತ್ತು. ಅಟ್ಲಾಂಟಿಕ್ ದಾಟೋ ಹಡಗುಗಳಲ್ಲಿ ದಡ ಸೇರೋಕೆ ಒಂದೆರಡು ರಾತ್ರಿ ಮುಂಚೆ ಒಂದು ಕನ್ಸರ್ಟ್ ಇಡೋದು ರೂಢಿ. ಹಾಡೋರು, ಪಿಯಾನೋ ನುಡಿಸೋರು ಪ್ರಯಾಣಿಕರೇ, ನಸೀಬಿದ್ರೆ ಅದೇ ಹಡಗಲ್ಲಿ ಹೋಗ್ತಿರೋ ನಿಜವಾದ ಗಾಯಕಿ ಸಿಗ್ತಿದ್ಲು, ಇಲ್ದಿದ್ರೆ ಯಾರೋ ಕರ್ನಲ್ ಪದ್ಯ ಓದೋದು. ಹಡಗಲ್ಲೇ ಪ್ರಿಂಟಿಂಗ್ ಪ್ರೆಸ್ ಇರ್ತಿತ್ತಲ್ಲ, ಅಲ್ಲೇ ಅಚ್ಚು ಹಾಕಿದ ಕಾರ್ಯಕ್ರಮದ ಪಟ್ಟಿ, ಅದರ ಮೇಲೆ ನಾವಿಕರ ಅನಾಥಾಲಯದ ಸಹಾಯಾರ್ಥ ಅಂತ ಬರೆದಿರೋದು, ಆ ಪಟ್ಟಿನ ಚೆಂದದ ಹುಡುಗೀರು ಕೈಯಲ್ಲಿ ಹಿಡ್ಕೊಂಡು ಮಾರೋದು, ಮಧ್ಯ ಯಾರೋ ಗಣ್ಯರು ಎದ್ದು ನಮ್ಮನ್ನ ಕಾಪಾಡೋ ಈ ಧೀರರು ಅಂತ ಭಾಷಣ, ಆಮೇಲೆ ತಟ್ಟೆ ಸುತ್ತು ಬರೋದು. ಆ ಧೀರರು ಆ ಹೊತ್ತಲ್ಲಿ ಹತ್ತು ಅಂತಸ್ತು ಕೆಳಗೆ ಬೆತ್ತಲೆ ಮೈಯಲ್ಲಿ ಬೆಂಕಿ ಮುಂದೆ ಇರ್ತಿದ್ರು, ಭಾಷಣ ಕೇಳಿಸೋ ಛಾನ್ಸೇ ಇಲ್ಲ. ಆದ್ರೂ ಹಡಗು ಹಡಗಿಗೆ, ಟ್ರಿಪ್ಪು ಟ್ರಿಪ್ಪಿಗೆ ಸೇರಿದ ಆ ಚಿಲ್ಲರೆ ದುಡ್ಡಲ್ಲಿ ಎಷ್ಟೋ ಮಕ್ಕಳು ಓದಿದ್ವು.

ನ್ಯೂಯಾರ್ಕ್ ಕಡೆಯದ್ದೂ ಹೇಳ್ಬೇಕು. ಬದುಕಿದ ಟೈಟಾನಿಕ್ ಸಿಬ್ಬಂದೀಲಿ ತುಂಬಾ ಜನ ಉಳ್ಕೊಂಡಿದ್ದು ಜೇನ್ ಸ್ಟ್ರೀಟಲ್ಲಿದ್ದ ಅಮೆರಿಕನ್ ಸೀಮೆನ್ಸ್ ಫ್ರೆಂಡ್ ಸೊಸೈಟಿಯ ವಸತಿಗೃಹದಲ್ಲಿ. ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ ಅಂತ ಇನ್ನೊಂದಿತ್ತು, ಅದರ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಟೈಟಾನಿಕ್ ಮುಳುಗಿದ ಮಾರನೇ ದಿನ. ಇಂಥಾ ವಸತಿಗಳ ಕೆಲಸ ಬರೀ ಹಾಸಿಗೆ ಕೊಡೋದಲ್ಲ. ಬಂದರಲ್ಲಿ ಕ್ರಿಂಪ್ ಅಂತ ದಳ್ಳಾಳಿಗಳ ಕಾಟ ಇತ್ತು, ಹುಡುಗ ಇಳೀತಿದ್ದಂಗೇ ಸಾಲದ ಮೇಲೆ ಕುಡಿಸಿ, ರೂಮು ಕೊಟ್ಟು, ಸಂಬಳ ಪೂರ್ತಿ ನುಂಗಿ, ಯಾವುದೋ ಹಡಗಿಗೆ ಹತ್ತಿಸಿ ಕಮಿಷನ್ ತಗೊಳ್ಳೋರು. ಅದಕ್ಕೇ ಇವರು ಹಣ ಇಟ್ಟುಕೊಳ್ಳೋ, ಮನೆಗೆ ಕಳಿಸೋ ವ್ಯವಸ್ಥೆ ಮಾಡಿದ್ರು. ಆ ಚರ್ಚ್ ಇನ್‌ಸ್ಟಿಟ್ಯೂಟಲ್ಲೇ ಜಾನೆಟ್ ರೋಪರ್ ಅನ್ನೋ ಹೆಂಗಸು, ನಾವಿಕರು ಮದರ್ ರೋಪರ್ ಅಂತಿದ್ರು, 1920ರಲ್ಲಿ ಕಾಣೆಯಾದ ನಾವಿಕರನ್ನ ಹುಡುಕೋ ವಿಭಾಗ ಶುರು ಮಾಡಿದ್ರು. ವರ್ಷಗಟ್ಟಲೆ ಕಾಗದ ಬರೀದೇ ಇರೋ ಮಗನಿಗಾಗಿ ತಾಯಂದಿರು ಪತ್ರ ಹಾಕೋರು, ಇವರು ಹೆಸರುಗಳ ಪಟ್ಟಿ ಮಾಡಿ ಬಂದರು ಬಂದರಿಗೆ ಅಂಟಿಸೋರು. ಸಾವಿರಾರು ಜನರನ್ನ ಪತ್ತೆ ಮಾಡಿದ್ದಾರೆ ಆಯಮ್ಮ.

ಎಂಜಿನ್‌ರೂಮ್:
ಒಳ್ಳೆ ಥ್ರೆಡ್. ನಾನು ಮರ್ಚೆಂಟ್ ಶಿಪ್ಪಲ್ಲೇ ಕೆಲಸ ಮಾಡೋನು. ಆ ಕಾಲದ ದೊಡ್ಡ ಲೈನರ್ ಕಂಪನಿಗಳಲ್ಲಿ ನಮ್ಮೋರೇ ಸಾವಿರಗಟ್ಟಲೆ ದುಡೀತಿದ್ರು ಅಂತ ಯಾರೂ ಎತ್ತಲಿಲ್ಲ ನೋಡಿ. ಲಸ್ಕರ್‌ಗಳು, ಅಂದ್ರೆ ಬ್ರಿಟಿಷ್ ಹಡಗುಗಳಲ್ಲಿ ದುಡೀತಿದ್ದ ಭಾರತದ ಕಡೆಯ ನಾವಿಕರು. ಪಿ ಅಂಡ್ ಓ ಅನ್ನೋ ಬ್ರಿಟಿಷ್ ಕಂಪನಿಯ ಹಡಗಿನ ಡೆಕ್, ಎಂಜಿನ್, ಅಡುಗೆಮನೆ ಎಲ್ಲಾ ಅವರ ಕೈಯಲ್ಲೇ. ಸಂಬಳ ಬಿಳಿಯರಿಗಿಂತ ಎಷ್ಟೋ ಕಮ್ಮಿ, ಮಲಗೋ ಜಾಗಕ್ಕೂ ಬೇರೆ ಕಾನೂನು: 1906ರ ನಂತರ ಬ್ರಿಟಿಷ್ ನಾವಿಕನಿಗೆ 120 ಘನ ಅಡಿ, ಲಸ್ಕರ್‌ಗೆ 36. ಲಂಡನ್ನಲ್ಲಿ ಇಳಿದು ವಾಪಸ್ ಹಡಗು ಸಿಗದೆ ಚಳೀಲಿ ಬೀದೀಲೇ ಸತ್ತ ಲಸ್ಕರ್‌ಗಳ ಸುದ್ದಿ ದೊಡ್ಡದಾದ ಮೇಲೆ 1857ರಲ್ಲಿ ಲೈಮ್‌ಹೌಸ್‌ನ ವೆಸ್ಟ್ ಇಂಡಿಯಾ ಡಾಕ್ ರೋಡಲ್ಲಿ ಏಷ್ಯಾ, ಆಫ್ರಿಕಾದೋರಿಗೆ ಅಂತ ಸ್ಟ್ರೇಂಜರ್ಸ್ ಹೋಮ್ ತೆಗೆದ್ರು, ಅದಕ್ಕೆ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಕೂಡ ದೇಣಿಗೆ ಕೊಟ್ಟಿದ್ರು. ಇರೋಕೆ ಜಾಗ, ವಾಪಸ್ ಹೋಗೋಕೆ ಹಡಗು ಹುಡುಕಿಕೊಡೋದು, ದುಡ್ಡು ಜೋಪಾನ, ಜೊತೆಗೆ ಕ್ರೈಸ್ತ ಮಿಷನರಿ ಉಪದೇಶ ಫ್ರೀ. 1937ರ ತನಕ ಇತ್ತು.

ಈಗಲೂ ಬಂದರಲ್ಲಿ ಮಿಷನ್ ಟು ಸೀಫೇರರ್ಸ್, ಸ್ಟೆಲ್ಲಾ ಮಾರಿಸ್ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಗಳೋರು ಹಡಗಿಗೆ ಹತ್ತಿ ಬರ್ತಾರೆ ಗುರು, ಸಿಮ್ ಕಾರ್ಡು, ವೈಫೈ, ಪೇಟೆಗೆ ವ್ಯಾನು. ಮೊದಲನೆಯದು 1856ರಲ್ಲಿ ಶುರುವಾದದ್ದು. ಮತದ ಮಾತು ಯಾರೂ ಎತ್ತಲ್ಲ ಈಗ. ಮಾಲೀಕ ಕೈ ಎತ್ತಿ ಹಡಗನ್ನ ಅನಾಥ ಮಾಡಿ ಹೋದಾಗ ಮೊದಲು ಅಕ್ಕಿ ನೀರು ತಂದು ಕೊಡೋರೂ ಬಹಳ ಸಲ ಇವರೇ.

ಹಳೇನಕ್ಷೆ:
ಅಬ್ಬಾ, ಇಷ್ಟೊಂದು ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸುಮತಿ ಮೇಡಂ, ಕನ್ಸರ್ಟ್ ವಿಷಯ ಸಖತ್. ಒಂದೇ ಒಂದು ಉಳೀತು. ಕೊನೇವರೆಗೂ ನುಡಿಸ್ತಿದ್ದ ಆ ಎಂಟು ಜನ ವಾದ್ಯದೋರು ಸಿಬ್ಬಂದಿ ಲೆಕ್ಕಕ್ಕೆ ಬರ್ತಿದ್ರಾ?

ಸುಮತಿ_ಓದು:
ಅಲ್ಲೇ ಇರೋದು ತಮಾಷೆ. ಅವರು ಲಿವರ್‌ಪೂಲಿನ ಒಂದು ಏಜೆನ್ಸಿಯ ನೌಕರರು, ಹಡಗಲ್ಲಿ ಸೆಕೆಂಡ್ ಕ್ಲಾಸ್ ಟಿಕೆಟ್ಟಲ್ಲಿ ಪ್ರಯಾಣಿಕರು ಅಂತ ನಮೂದು. ಹಾಗಾಗಿ ಪರಿಹಾರ ಕೇಳಿದ್ರೆ ಹಡಗು ಕಂಪನಿ ಏಜೆನ್ಸಿ ಕಡೆ ಕೈ ತೋರಿಸ್ತು, ಏಜೆನ್ಸಿ ಅದರ ಇನ್ಶೂರೆನ್ಸ್‌ನೋರ ಕಡೆ, ಅವರು ಈ ವಾದ್ಯದೋರು ಕಾಯ್ದೆ ಪ್ರಕಾರ ಕಾರ್ಮಿಕರೇ ಅಲ್ಲ ಅಂದ್ರು. ಕೋರ್ಟಲ್ಲೂ ಗೆಲ್ಲಲಿಲ್ಲ. ಅಷ್ಟರಲ್ಲಿ ಪಿಟೀಲು ನುಡಿಸ್ತಿದ್ದ ಜಾಕ್ ಹ್ಯೂಮ್ ಅನ್ನೋ ಹುಡುಗನ ಅಪ್ಪನಿಗೆ, ಮಗ ಸತ್ತು ಎರಡು ವಾರ ಆಗಿತ್ತಷ್ಟೇ, ಯೂನಿಫಾರ್ಮ್ ಬಾಕಿ 14 ಶಿಲಿಂಗ್ 7 ಪೆನ್ಸ್ ಕಟ್ಟಿ ಅಂತ ಆ ಏಜೆನ್ಸಿಯಿಂದ ಬಿಲ್ ಬಂತು. ಮೇ 24ಕ್ಕೆ ಲಂಡನ್ನಿನ ಆಲ್ಬರ್ಟ್ ಹಾಲಲ್ಲಿ ಸುಮಾರು 500 ವಾದ್ಯಗಾರರು ಒಟ್ಟಿಗೆ ಕೂತು ಆ ಕುಟುಂಬಗಳಿಗಾಗಿ ಕಛೇರಿ ಕೊಟ್ರು, ಎಲ್ಗರ್, ಹೆನ್ರಿ ವುಡ್ ಅಂಥಾ ದೊಡ್ಡ ಸಂಗೀತಗಾರರೆಲ್ಲಾ ಬಂದು ನಡೆಸಿಕೊಟ್ರು. ಕೊನೆಗೆ ಅವರನ್ನೂ ಸಿಬ್ಬಂದಿ ಅಂತಲೇ ಲೆಕ್ಕ ಹಿಡಿದು ಹಣ ಕೊಟ್ಟಿದ್ದು ಲಂಗರು ಸಾರ್ ಬೈದ್ರಲ್ಲ, ಅದೇ ರಿಲೀಫ್ ಫಂಡು.