ಅಂಬಾಸಿಡರಿಗೆ ಅಭ್ಯಂಜನ

ದೊಡ್ಡಹಬ್ಬ ದೀಪಾವಳಿಯ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿಯಾಯ್ತು, ಉಳಿದದ್ದು ಅಂಗಳದ ಅಂಬಾಸಿಡರ್ ಕಾರು ಒಂದೇ. ಶಿರಸಿ ಸೀಮೆಯ ಆ ಜಗುಲಿಯಲ್ಲಿ ಕವಳದ ಹರಿವಾಣದ ಸುತ್ತ ಮೂವರು: ಗಾಡಿಯ ಯಜಮಾನ ಹೆಗಡೇರು, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದ ನಾಯ್ಕರು, ಮತ್ತು ಎಲ್ಲದಕ್ಕೂ ಅಳತೆ ಕೇಳುವ ಮಾಸ್ತರು.

"ಗಾಡಿ ಮಳೆಗಾಲದಲ್ಲಿ ಹೆಚ್ಚು ಓಡಿದ್ದೇ ಇಲ್ಲ. ಈಗ್ಲೇ ಎಂತಕ್ಕೆ ಎಣ್ಣೆ ಬದಲಿಸೋದು?" ಎಂದರು ಹೆಗಡೇರು.

"ಓಡಲಿಲ್ಲ ಅಂತಲೇ ಬದಲಿಸೋದು ಮಾರಾಯ್ರೇ," ಎಂದರು ನಾಯ್ಕರು. " ಪೆಟ್ರೋಲ್ ಉರಿದರೆ ಹೊಗೆ ಜತೆ ನೀರಾವಿನೂ ಹುಟ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಎಂಜಿನ್ ತಳದ ಎಣ್ಣೆ ತೊಟ್ಟಿಗೆ ಇಳೀತದೆ. ದೂರ ಓಡಿದ್ರೆ ಎಂಜಿನ್ ಕಾದು ಆ ನೀರು ಆರಿ ಹೋಗ್ತದೆ. ನೀವು ತೊಂಡೆಕಾಯಿ ತರೋಕೆ ಪೇಟೆಗೆ ಹೋಗಿ ಬಂದ್ರೆ ಅಲ್ಲೇ ಉಳಿದು ಎಣ್ಣೆ ಹುಳಿಯಾಗ್ತದೆ. ಎಣ್ಣೆ ಹಾಕೋ ಮುಚ್ಚಳ ತೆಗೀರಿ."

ಮಾಸ್ತರು ಇಣುಕಿದರು. "ಹೋ, ಮಜ್ಜಿಗೆ!"

"ಮುಚ್ಚಳದಲ್ಲಿ ಮಾತ್ರ ಇದ್ರೆ ಹವೆಯ ನೀರು, ಹೆದರೋದು ಬೇಡ. ಎಣ್ಣೆ ಮಟ್ಟ ನೋಡೋ ಡಿಪ್‌ಸ್ಟಿಕ್ಕಲ್ಲೂ ಮಜ್ಜಿಗೆ, ರೇಡಿಯೇಟರಲ್ಲಿ ನೀರೂ ಕಡಿಮೆ ಅಂದ್ರೆ ಎಣ್ಣೆಗೆ ನೀರು ಸೇರದಂತೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಲೆಕ್ಕ."

ಮಾಸ್ತರು ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದರು. ಶುದ್ಧ ಕಪ್ಪು, ಸರಿಯಾಗಿ ಮೇಲಿನ ಗೀರಿಗೆ. ಕಿಸೆಯ ಡೈರಿಯಲ್ಲಿ ಬರೆದುಕೊಂಡರು.

"ಕಪ್ಪಾಗಿದೆ, ಹಾಳಾಯ್ತಲ್ಲ!"

"ಕಪ್ಪಾದದ್ದೇ ಅದರ ಗುಣ. ಮಸಿಯನ್ನು ಎಂಜಿನ್ನಿಗೆ ಅಂಟೋಕೆ ಬಿಡದೆ ತನ್ನಲ್ಲೇ ಇಟ್ಕೊಂಡಿದೆ. ಬನವಾಸಿ ದಾರೀಲಿ ಸ್ವಲ್ಪ ದೂರ ಹೋಗಿ ಬನ್ನಿ. ತಣ್ಣಗಿದ್ದಾಗ ತೊಟ್ಟಿಯ ತಿರುಪು ತೆಗೆದ್ರೆ ಎಣ್ಣೆ ಮಾತ್ರ ಇಳಿದು ಕೊಳೆ ತಳದಲ್ಲೇ ಕೂರ್ತದೆ."

ಗಾಡಿ ಬಿಸಿಯಾಗಿ ಬಂತು. ಹೆಗಡೇರು ಆಗಲೇ ಗಾಡಿಗೆ ಆನಿಕೆ ಕೊಡಲು ಎರಡು ಚಿರೆಕಲ್ಲು ಹೊತ್ತು ತಂದಿದ್ದರು.

"ಅದು ಗೋಡೆ ಕಟ್ಟೋಕೆ!" ನಾಯ್ಕರು ಹಾರಿಬಿದ್ದರು. "ಹರಡಿದ ಭಾರ ಹೊರ್ತದೆ, ಒಂದೇ ಜಾಗಕ್ಕೆ ಒತ್ತಿದ್ರೆ ಪುಡಿಯಾಗ್ತದೆ. ಕೆಳಗೆ ಇರೋದು ನಾನು. ಜ್ಯಾಕ್ ಎತ್ತೋಕೆ ಮಾತ್ರ, ಭಾರ ಹೊರೋಕೆ ಸ್ಟ್ಯಾಂಡೇ ಬೇಕು. ಹಿಂದಿನ ಗಾಲಿಗೆ ಮರದ ತುಂಡು ಕೊಡಿ."

ತಲೆಗೆ ಹಾಳೆಟೊಪ್ಪಿ ಇಟ್ಟು ನಾಯ್ಕರು ನುಗ್ಗಿದರು. ಅಡಿಕೆ ಹಾಳೆಗೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ. "ಇಂಚಿನ ಅಳತೆಯ ರಿಂಗ್ ಸ್ಪ್ಯಾನರ್ ಕೊಡಿ. ಈ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಲೆಕ್ಕದ್ದು, ಮಿಲಿಮೀಟರಿಂದು ಹಾಕಿದ್ರೆ ಬೋಲ್ಟಿನ ಮೂಲೆ ಸವೆದು ಲಾಡು ಆಗ್ತದೆ."

"ಹಳೆ ಎಣ್ಣೆ ನಾನೇ ಹಿಡೀತೇನೆ," ಎಂದರು ಹೆಗಡೇರು, ಅಗತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ. "ಕೊಟ್ಟಿಗೆ ಕಂಬಕ್ಕೆ ಒರಲೆ ಹತ್ತಿದೆ. ಬಳಿದ್ರೆ..."

"ಬಳೀಬಾರ್ದು! ಅದರಲ್ಲಿ ಸವೆದ ಲೋಹ, ಮಸಿ ಎಲ್ಲ ಇದೆ, ಚರ್ಮಕ್ಕೂ ಕೆಟ್ಟದ್ದು. ಕಂಬ ಆಕಳು ನೆಕ್ತದೆ, ಮಳೆ ಬಂದ್ರೆ ನಿಮ್ಮ ಬಾವಿಗೇ ಇಳೀತದೆ. ಕ್ಯಾನಿಗೆ ತುಂಬಿ, ಹಳೆ ಎಣ್ಣೆ ತಗೊಳ್ಳೋ ಗ್ಯಾರೇಜಿಗೆ ಕೊಡೋದು."

ಇಪ್ಪತ್ತು ನಿಮಿಷ ಸೋರಲು ಬಿಟ್ಟರು. ಹೆಗಡೇರು ನೀರು ಕುಡಿಯಲು ಎರಡು ಸಲ ಒಳಗೆ ಹೋಗಿ ಬಂದರು. ನಾಯ್ಕರು ತಿರುಪಿನ ತುದಿ ಬೆರಳಲ್ಲಿ ತಿಕ್ಕಿ ನೋಡಿದರು. ನುಣ್ಣನೆ ಬೂದು ಪುಡಿ, ಅಡ್ಡಿಲ್ಲ. ಬೆಳ್ಳಿ ಚೂರು ಹೊಳೆದರೆ ಬೇರಿಂಗ್ ಸವೆದಿದೆ, ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಒಳಪದರವೇ ಎದ್ದಿದೆ.

"ತಾಮ್ರದ ವಾಶರ್ ಹಳೇದೇ ಸಾಕಲ್ಲ?" ಹೆಗಡೇರು.

"ಒಮ್ಮೆ ಅಮುಕಿದ ತಾಮ್ರ ಗಟ್ಟಿಯಾಗ್ತದೆ, ಮತ್ತೆ ಕೂರೋದಿಲ್ಲ. ಹೊಸದಿಲ್ಲದಿದ್ರೆ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿ, ಮೆತ್ತಗಾಗ್ತದೆ. ಆದ್ರೆ ಫಿಲ್ಟರಿನ ರಬ್ಬರ್ ರಿಂಗ್ ಮಾತ್ರ ಹೊಸದೇ ಬೇಕು."

ಹೆಚ್ಚಿನವರು ಎಡವುವುದು ಈ ರಿಂಗಿನಲ್ಲೇ. ಫಿಲ್ಟರ್ ಬಟ್ಟಲು ಕೂರುವ ತೋಡಿನಲ್ಲಿ ಹಳೆ ರಿಂಗ್ ಒಣಗಿ, ಲೋಹದ್ದೇ ಅಂಗವೆಂಬಂತೆ ಅಡಗಿರುತ್ತದೆ. ಅದರ ಮೇಲೇ ಹೊಸದನ್ನು ಕೂರಿಸಿದರೆ, ಗಾಡಿ ಶುರುವಾದ ಕೂಡಲೇ ಒತ್ತಡಕ್ಕೆ ರಿಂಗ್ ಜಾರಿ ಎಣ್ಣೆಯೆಲ್ಲ ಅಂಗಳಕ್ಕೆ. ನಾಯ್ಕರು ಪಿನ್ನಿನಿಂದ ಕಿತ್ತು ತೆಗೆದರು. ಬಟ್ಟಲ ತಳದ ಸ್ಪ್ರಿಂಗ್, ವಾಶರ್‌ಗಳನ್ನು ಕಳಚಿದ ಕ್ರಮದಲ್ಲೇ ಹಾಳೆಯ ಮೇಲೆ ಜೋಡಿಸಿಟ್ಟಿದ್ದರು. ಒಂದು ಬಿಟ್ಟುಹೋದರೂ ಕಾಗದದ ಫಿಲ್ಟರ್ ಸಡಿಲವಾಗಿ, ಎಣ್ಣೆ ಸೋಸಿಕೊಳ್ಳದೆ ಪಕ್ಕದಿಂದಲೇ ಹೋಗುತ್ತದೆ. ಫಿಲ್ಟರ್ ಹೊಸದು, ಕೆಲಸ ಮಾತ್ರ ಸೊನ್ನೆ.

"ಹೊಸ ಎಣ್ಣೆ ಯಾವುದು? ತೆಳ್ಳಗಿನ ಸಿಂಥೆಟಿಕ್ ಒಳ್ಳೇದಂತಲ್ಲ," ಎಂದರು ಮಾಸ್ತರು.

"ಅದು ತೆಳು ಅಪ್ಪೆಹುಳಿ, ಇದಕ್ಕೆ ಬೇಕಾದ್ದು ಮಂದ ಜೋನಿಬೆಲ್ಲ. 20ಡಬ್ಲ್ಯು-50 ಮಿನರಲ್ ಹಾಕಿ. ಆ ಕಾಲದ ಕ್ರ್ಯಾಂಕಿಗೆ, ಅಂದ್ರೆ ಎಂಜಿನ್ ಒಳಗೆ ತಿರುಗೋ ದಂಡಿಗೆ, ಹಿಂಬದಿ ರಬ್ಬರ್ ಸೀಲಿಲ್ಲ. ತಿರುಪಿನಂಥ ಗೀರು ಇದೆ, ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ತದೆ. ನಿಂತ ಮೇಲೆ ತಳ್ಳೋರು ಯಾರು? ತೆಳು ಎಣ್ಣೆ ಹಾಕಿದ್ರೆ ಅಲ್ಲೇ ಜಿನುಗ್ತದೆ. ಮತ್ತೆ ವಾಲ್ವ್ ಎತ್ತೋ ಚಪ್ಪಟೆ ಟ್ಯಾಪೆಟ್ಟು ಕ್ಯಾಮಿಗೆ ಉಜ್ಜೋ ಎಂಜಿನ್ ಇದು, ಸವೆಯದಂತೆ ಎಣ್ಣೆಯಲ್ಲಿ ಜಿಂಕ್, ಫಾಸ್ಫರಸ್ ಬೇಕು. ಹೊಸ ತೆಳು ಎಣ್ಣೆಗಳಲ್ಲಿ ಫಾಸ್ಫರಸ್ಸಿಗೆ ಮಿತಿ ಹಾಕಿದ್ದಾರೆ."

ಮೂರೂವರೆ ಲೀಟರ್ ಸುರಿದು, ಐದು ನಿಮಿಷ ಕಾದು, ಆಮೇಲೆ ಡಿಪ್‌ಸ್ಟಿಕ್ ನೋಡಿ ಸ್ವಲ್ಪ ಸ್ವಲ್ಪವೇ ಸೇರಿಸಿದರು. ಹೆಚ್ಚಾದರೂ ಕಷ್ಟ. ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ. ಎಂಜಿನ್ ಹತ್ತದಂತೆ ಕಾಯಿಲ್ ತಂತಿ ಕಿತ್ತು ಸ್ಟಾರ್ಟರ್ ತಿರುಗಿಸಿದರು. ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ದೀಪ ಆರಿದ ಮೇಲೇ ತಂತಿ ಹಾಕಿ ಎಂಜಿನ್ ಶುರು. ಎಲ್ಲೂ ಹನಿಯಿಲ್ಲ. ನಿಲ್ಲಿಸಿ ಮತ್ತೆ ಅಳೆದಾಗ ಫಿಲ್ಟರ್ ಕುಡಿದಷ್ಟು ಇಳಿದಿತ್ತು, ತುಂಬಿಸಿದರು. ಎಸ್‌ಯು ಕಾರ್ಬ್ಯುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ನೆತ್ತಿಗೂ ಒಂದಿಷ್ಟು ತೆಳು ಎಣ್ಣೆ ಬಿತ್ತು. ಅದನ್ನು ನೆನಪಿಡುವವರು ಕಡಿಮೆ.

ಮಾಸ್ತರು ಹಳೆ ಎಣ್ಣೆ ಅಳೆದರು. "ಹಾಕಿದ್ದು ನಾಲ್ಕು ಲೀಟರ್. ಬಂದದ್ದು ಫಿಲ್ಟರಿಂದೂ ಸೇರಿ ಮೂರೇ. ಎಂಜಿನ್ ಒಂದು ಲೀಟರ್ ಕುಡಿದಿದೆ!"

"ಘಟ್ಟ ಹತ್ತುವಾಗ ನೀಲಿ ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ. ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬುಸ್ಸಂತ ಬಂದ್ರೆ ವಾಲ್ವ್ ಗೈಡು ಸವೆದಿದೆ," ಎಂದ ನಾಯ್ಕರು ಸುಮ್ಮನಾದರು. "ಅಲ್ಲಾ, ಬೆಳಿಗ್ಗೆ ಡಿಪ್‌ಸ್ಟಿಕ್ ಎಷ್ಟಿತ್ತು?"

ಡೈರಿ ತೆರೆಯಿತು. "ಮೇಲಿನ ಗೀರು."

"ಎಂಜಿನ್ ಕುಡಿದಿದ್ರೆ ಗೀರು ಇಳೀಬೇಕಿತ್ತು."

ಮೂವರಲ್ಲಿ ಇಬ್ಬರು ಮೂರನೆಯವರತ್ತ ತಿರುಗಿದರು. ಅವರ ಹಿಂದೆ ಕೊಟ್ಟಿಗೆಯ ಕಂಬ ಸೊಂಟದೆತ್ತರಕ್ಕೆ ಕಪ್ಪಗೆ ಮಿಂಚುತ್ತಿತ್ತು.

"ದೊಡ್ಡಹಬ್ಬ ಅಲ್ವಾ," ಎಂದರು ಹೆಗಡೇರು, "ಅದಕ್ಕೂ ಒಂದು ಅಭ್ಯಂಜನ ಆಗ್ಲಿ ಅಂತ."

"ಸೋಪು, ಬ್ರಶ್ಶು, ಹಳೆ ಬಟ್ಟೆ ತನ್ನಿ," ಎಂದರು ನಾಯ್ಕರು. "ತೊಳೆದ ನೀರು ಬಕೆಟ್ಟಿಗೆ, ಬಾವಿ ಕಡೆ ಅಲ್ಲ. ಆಕಳನ್ನ ಬೇರೆ ಕಡೆ ಕಟ್ಟಿ."